ಮೈಕ್ ವೈರ್ ಸುತ್ತುವ ಹುಡುಗನನ್ನು ಒಮ್ಮೆ ಮಾತಾಡಿಸಿ: ಚರ್ಚಿನ ಯುವಜನರಿಗೆ ಜೊತೆಗಾರರಾಗುವುದು ಹೇಗೆ

ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಒಬ್ಬ ಹುಡುಗ ಮೈಕಿನ ವೈರ್ ಸುತ್ತುತ್ತಿದ್ದ. ಹೆಬ್ಬೆರಳಿಗೂ ಮೊಣಕೈಗೂ ನಡುವೆ, ಒಂದು ಸುತ್ತೂ ಸಡಿಲ ಬಿಡದ ಹಾಗೆ. ನಾಲ್ಕು ವರ್ಷ ಸುತ್ತಿದ. ಆ ನಾಲ್ಕು ವರ್ಷದಲ್ಲಿ ನಾನು ಅವನ ಜೊತೆ ಆಡಿದ್ದು ಎರಡೇ ಮಾತು. ಒಂದು, "ಮೈಕ್ ರೆಡಿ ಐತೇನಪಾ?" ಇನ್ನೊಂದು, "ಸೌಂಡ್ ಸ್ವಲ್ಪ ಕಡಿಮಿ ಮಾಡು." ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಪ್ರಸಂಗದ ನಡುವೆ ಮೈಕ್ ಕೀಚ್ ಅಂತ ಕೂಗಿದಾಗ ನಮಗೆಲ್ಲ ಅವನ ನೆನಪಾಯಿತು.

ಹುಬ್ಬಳ್ಳಿ-ಧಾರವಾಡ ಕಡೆಯ ಚರ್ಚುಗಳಲ್ಲಿ ನಾನು ನೋಡಿರುವುದು ಇದನ್ನೇ. ನಿಮ್ಮ ಊರಲ್ಲೂ ಹೀಗೇ ಇದ್ದೀತು. ಯುವಕರಿಗೆ ಕೆಲಸಕ್ಕೇನೂ ಬರ ಇಲ್ಲ. ಬೆಂಚು ಹೊರಬೇಕು, ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟಬೇಕು, ಕೀಬೋರ್ಡ್ ನುಡಿಸಬೇಕು, ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಬಂದರೆ ಮಕ್ಕಳನ್ನು ಕುಣಿಸಬೇಕು. ಆದರೆ ಒಂದು ತೀರ್ಮಾನ ಅವರ ಕೈಗೆ ಬರುವುದಿಲ್ಲ, ಒಂದು ಬೀಗದ ಕೈ ಬರುವುದಿಲ್ಲ, "ಹೇಗಿದ್ದೀಯ" ಅಂತ ನಿಂತು ಕೇಳುವವರೂ ಇರುವುದಿಲ್ಲ. ನಾವು ಮೂವತ್ತು ದಾಟಿದ ಮೇಲೆ "ಈಗಿನ ಹುಡುಗರಿಗೆ ಚರ್ಚ್ ಬೇಡ" ಅನ್ನುತ್ತೇವೆ.

ನಾನು ಪಾದ್ರಿ ಅಲ್ಲ. ಕೆಲಸ ಮಾಡಿಕೊಂಡು, ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವವನು. ಹನ್ನೆರಡು ವರ್ಷದಿಂದ ಕೆಲವು ಹುಡುಗರ ಜೊತೆ ಓಡಾಡಿದ್ದೇನೆ. ಕೆಲವರ ವಿಷಯದಲ್ಲಿ ಸರಿಯಾಗಿ ಎಡವಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವ ಅಣ್ಣ, ಅಕ್ಕ, ಅಂಕಲ್, ಆಂಟಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಇಪ್ಪತ್ತು ಮಂದಿ ಬೇಡ, ಇಬ್ಬರು ಸಾಕು

ಮೊದಲ ಉತ್ಸಾಹದಲ್ಲಿ ಎಲ್ಲರೂ ಮಾಡುವ ಕೆಲಸ ಎಂದರೆ ಯೂತ್ ಮೀಟಿಂಗ್ ಕರೆಯುವುದು. ಬ್ಯಾನರ್, ಗಿಟಾರು, ಹೊರಗಿನಿಂದ ಬಂದ ಭಾಷಣಕಾರರು, ಕೊನೆಗೆ ಪಲಾವ್. ಅದು ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ಮೀಟಿಂಗಿನಲ್ಲಿ ಯಾರೂ ಯಾರಿಗೂ ಜೊತೆಗಾರರಾಗುವುದಿಲ್ಲ. ಯೇಸು ಆರಿಸಿಕೊಂಡದ್ದು ಹನ್ನೆರಡು ಜನರನ್ನು. ಅವರಲ್ಲೂ ಬೆಟ್ಟ ಹತ್ತುವಾಗ, ಗೆತ್ಸೇಮನೆಯ ರಾತ್ರಿಯಲ್ಲಿ ಹತ್ತಿರ ಇಟ್ಟುಕೊಂಡದ್ದು ಪೇತ್ರ, ಯಾಕೋಬ, ಯೋಹಾನ ಮೂವರನ್ನೇ. ಇಡೀ ದಿನ ಡ್ಯೂಟಿ ಮಾಡಿ ಬರುವ ನಮಗೆ ಇಬ್ಬರು ಧಾರಾಳ ಆಯಿತು.

ಯಾರನ್ನು ಆರಿಸಬೇಕು? ನಮ್ಮ ಕಣ್ಣು ಮೊದಲು ಹೋಗುವುದು ಚೆನ್ನಾಗಿ ಹಾಡುವವನ ಮೇಲೆ, ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡುವವಳ ಮೇಲೆ, ಕಮಿಟಿ ಮೆಂಬರ್ ಮಗನ ಮೇಲೆ. ಅವರನ್ನು ನೋಡಿಕೊಳ್ಳಲು ಈಗಾಗಲೇ ನಾಲ್ಕು ಜನ ಇರುತ್ತಾರೆ. ಹಿಂದೆ ಚಪ್ಪಲಿ ಬಿಡುವ ಕಡೆ ನಿಂತು, ಆಶೀರ್ವಾದ ಮುಗಿಯುವ ಮುಂಚೆಯೇ ಬೈಕ್ ಸ್ಟಾರ್ಟ್ ಮಾಡುವವನನ್ನು ನೋಡಿ.

ಇಟಲಿಯ ತುರಿನ್ ಊರಿನಲ್ಲಿ ಡಾನ್ ಬಾಸ್ಕೊ ಅನ್ನುವ ಎಳೆಯ ಪಾದ್ರಿಯ ಕೆಲಸ ಶುರುವಾದದ್ದು ಇಂಥ ಹುಡುಗನಿಂದಲೇ. 1841ರ ಡಿಸೆಂಬರ್ 8. ಪೂಜೆಗೆ ಸಹಾಯ ಮಾಡಲು ಬರುವುದಿಲ್ಲ ಅಂದದ್ದಕ್ಕೆ ಚರ್ಚಿನ ಕೆಲಸದವನು ಒಬ್ಬ ಅನಾಥ ಹುಡುಗನನ್ನು ಬಡಿದು ಓಡಿಸುತ್ತಿದ್ದ. ಬಾಸ್ಕೊ ತಡೆದರು, "ಅವನು ನನ್ನ ಗೆಳೆಯ" ಅಂದು ವಾಪಸ್ ಕರೆಸಿದರು. ಓದು ಬರುತ್ತಾ? ಇಲ್ಲ. ಹಾಡು? ಇಲ್ಲ. ಹೋಗಲಿ, ಸಿಳ್ಳೆ ಹಾಕೋಕೆ ಬರುತ್ತಾ? ಹುಡುಗ ನಕ್ಕ. ನಿಮ್ಮ ಹುಡುಗನಿಗೆ ಬರುವ ಸಿಳ್ಳೆ ಯಾವುದು, ಅದನ್ನು ಮೊದಲು ಕಂಡುಹಿಡಿಯಿರಿ. ಒಬ್ಬನಿಗೆ ಬೈಕ್ ರಿಪೇರಿ, ಒಬ್ಬಳಿಗೆ ಮೆಹಂದಿ, ಇನ್ನೊಬ್ಬನಿಗೆ ಸುಮ್ನೆ ಕ್ರಿಕೆಟ್ ಸ್ಕೋರು ನೆನಪಿಡುವುದು.

ಇನ್ನೊಂದು ಮಾತು. ಹುಡುಗಿಯರಿಗೆ ಜೊತೆಗಾರರು ಅಕ್ಕಂದಿರೇ ಆಗಿರಲಿ, ಹುಡುಗರಿಗೆ ಅಣ್ಣಂದಿರು. ಇದು ಹಳೇ ಕಾಲದ ಮಾತು ಅನ್ನಿಸಬಹುದು. ಆದರೂ ನಾನು ಬಿಡುವುದಿಲ್ಲ.

ಹೆಜ್ಜೆ 2: ಮೊದಲು ಬೇಲಿ, ಆಮೇಲೆ ತೋಟ

ಈ ಭಾಗವನ್ನು ಹಾರಿಸಿ ಓದಬೇಡಿ. ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಹಾರಿಸುವುದು. "ನಾನು ಅಂಥವನಲ್ಲ, ನನಗ್ಯಾಕೆ ರೂಲ್ಸು" ಅನ್ನುತ್ತಾರೆ.

ಶುರು ಮಾಡುವ ಮುಂಚೆ ಸಭಾಪಾಲಕರಿಗೆ ಹೇಳಿ. ಹುಡುಗನ ಮನೆಗೆ ಹೋಗಿ ತಂದೆತಾಯಿ ಜೊತೆ ಒಂದು ಕಪ್ ಚಹಾ ಕುಡಿಯಿರಿ. ಇಂಥ ದಿನ, ಇಂಥ ಕಡೆ, ಇಷ್ಟು ಹೊತ್ತು ಭೇಟಿಯಾಗುತ್ತೇವೆ ಅಂತ ಬಾಯಿಬಿಟ್ಟು ಹೇಳಿ. ಬೇರೆ ಧರ್ಮದ ಮನೆಯ ಹುಡುಗ ಗೆಳೆಯರ ಜೊತೆ ಬರುತ್ತಿದ್ದರೆ ಇದು ಇನ್ನೂ ಮುಖ್ಯ. ಹೆತ್ತವರಿಗೆ ಗೊತ್ತಿಲ್ಲದ ಹಾಗೆ ಅವರ ಮಕ್ಕಳ ನಂಬಿಕೆಯ ವಿಷಯಕ್ಕೆ ಕೈ ಹಾಕಬೇಡಿ. ಅದು ಕಾನೂನಿನ ಮಾತು ಮಾತ್ರ ಅಲ್ಲ, ಮರ್ಯಾದೆಯ ಮಾತು.

ಭೇಟಿ ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಇರಲಿ. ಚರ್ಚಿನ ಜಗುಲಿ, ಬೇಕರಿ, ಮೈದಾನ. ಬಾಗಿಲು ಹಾಕಿದ ಕೋಣೆ ಬೇಡ. ರಾತ್ರಿ ಹತ್ತರ ಮೇಲೆ ಮೆಸೇಜ್ ಬೇಡ, ತುರ್ತು ಇದ್ದರೆ ಫೋನ್ ಮಾಡಲಿ. ಸಾಲ ಕೊಡಬೇಡಿ, ಸಾಲ ತಗೊಳ್ಳಬೇಡಿ. ಫೀಸಿಗೆ ಕಷ್ಟ ಇದ್ದರೆ ಚರ್ಚಿನ ಮೂಲಕ, ರಸೀದಿ ಸಮೇತ ಸಹಾಯ ಆಗಲಿ.

18 ವರ್ಷದ ಒಳಗಿನ ಯಾವ ಹುಡುಗನಾಗಲಿ ಹುಡುಗಿಯಾಗಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದರೆ ನಿಮ್ಮ ಮುಂದೆ ಇರುವುದು ಒಂದೇ ದಾರಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ 1 ವರ್ಷದವರೆಗೆ. "ಚರ್ಚಿನ ಮರ್ಯಾದೆ ಹೋಗುತ್ತೆ, ಒಳಗೇ ಮಾತಾಡಿ ಮುಗಿಸೋಣ" ಅನ್ನುವ ಹಿರಿಯರು ಎಲ್ಲ ಕಡೆ ಇರುತ್ತಾರೆ. ಅವರ ಮಾತು ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿ ಈಗಲೇ ಸೇವ್ ಆಗಲಿ.

ಇದಕ್ಕೇ "ಯಾರಿಗೂ ಹೇಳಲ್ಲ, ಆಣೆ" ಅಂತ ಎಂದೂ ಮಾತು ಕೊಡಬೇಡಿ. ನಾನು ಹೇಳುವುದು ಹೀಗೆ: "ನೀನು ಹೇಳಿದ್ದನ್ನು ಊರಿಗೆಲ್ಲ ಸಾರುವುದಿಲ್ಲ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ, ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ. ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ." ಹುಡುಗರಿಗೆ ಇದು ಅರ್ಥ ಆಗುತ್ತದೆ.

ಹೆಜ್ಜೆ 3: ಮೂರು ತಿಂಗಳು ಬುದ್ಧಿ ಹೇಳಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನಮ್ಮ ನಾಲಿಗೆಯ ತುದಿಯಲ್ಲೇ ಬುದ್ಧಿಮಾತು ಕೂತಿರುತ್ತದೆ. "ನಮ್ಮ ಕಾಲದಲ್ಲಿ..." ಅಂತ ಶುರುವಾದರೆ ಮುಗಿಯಿತು, ಹುಡುಗನ ಕೈ ಜೇಬಿನ ಫೋನಿಗೆ ಹೋಗುತ್ತದೆ.

ಎಮ್ಮಾಹುವಿನ ದಾರಿಯ ಕಥೆ ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿದೆ. ಇಬ್ಬರು ಶಿಷ್ಯರು ಮುಖ ಸಣ್ಣಗೆ ಮಾಡಿಕೊಂಡು ಯೆರೂಸಲೇಮ್ ಬಿಟ್ಟು ಹೊರಟಿದ್ದಾರೆ. ಸತ್ತು ಎದ್ದ ಯೇಸುವೇ ಪಕ್ಕದಲ್ಲಿ ನಡೆಯುತ್ತಿದ್ದಾನೆ, ಅವರಿಗೆ ಗುರುತು ಸಿಕ್ಕಿಲ್ಲ. ಅಲ್ಲಿ ಯೇಸು ಮೊದಲು ಮಾಡಿದ್ದು ಪ್ರಸಂಗ ಅಲ್ಲ. ಏನು ಮಾತಾಡ್ತಾ ಬರ್ತಿದ್ದೀರಿ ಅಂತ ಕೇಳಿದ. ನಿನಗೆ ಇಷ್ಟೂ ಗೊತ್ತಿಲ್ಲವಾ ಅಂತ ಅವರು ರೇಗಿದರು. "ಏನು?" ಅಂತ ಮತ್ತೆ ಕೇಳಿದ. ನಡೆದದ್ದೆಲ್ಲ ತನಗೇ ನಡೆದದ್ದು, ಆದರೂ ಅವರ ಬಾಯಿಂದ ಪೂರ್ತಿ ಕೇಳಿಸಿಕೊಂಡ. ಅವರು ನಡೆಯುತ್ತಿದ್ದದ್ದು ತಪ್ಪು ದಿಕ್ಕಿಗೆ. ಆ ದಿಕ್ಕಿಗೇ ಜೊತೆಯಲ್ಲಿ ಹೆಜ್ಜೆ ಹಾಕಿದ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾಗುವುದು ಇದೇ.

ನಾನು ಹುಡುಗರನ್ನು ಗಿರ್ಮಿಟ್ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಎದುರುಬದುರು ಕೂರಿಸುವುದಿಲ್ಲ, ಪಕ್ಕಪಕ್ಕ ನಿಲ್ಲುತ್ತೇವೆ. ಕೈಯಲ್ಲಿ ಪೇಪರ್ ಪ್ಲೇಟು, ಪಕ್ಕದಲ್ಲಿ ಎರಡು ಮಿರ್ಚಿ. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಕಣ್ಣಲ್ಲಿ ಕಣ್ಣಿಟ್ಟು "ಏನಪ್ಪಾ ನಿನ್ನ ಸಮಸ್ಯೆ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಇದ್ದಾಗ ಮಾತು ತಾನಾಗಿ ಬರುತ್ತದೆ.

ಕೇಳುವ ಪ್ರಶ್ನೆಯಲ್ಲೂ ವ್ಯತ್ಯಾಸ ಇದೆ. "ಓದು ಹೇಗೆ ನಡೀತಿದೆ?" ಅಂದರೆ ಉತ್ತರ "ಚೊಲೋ ನಡದೈತ್ರಿ". ಮಾತು ಅಲ್ಲಿಗೆ ಮುಗಿಯಿತು. "ಈ ವಾರ ಯಾವ ದಿನ ಜಾಸ್ತಿ ಬೇಜಾರಾಯ್ತು?" ಅಂತ ಕೇಳಿ ನೋಡಿ. "ಮನೆಯಲ್ಲಿ ಯಾರ ಜೊತೆ ಮಾತಾಡೋದು ಸುಲಭ?" "ದೇವರ ಹತ್ರ ಸಿಟ್ಟು ಬಂದಿದ್ಯಾ ಯಾವತ್ತಾದ್ರೂ?" ಕೇಳಿದ ಮೇಲೆ ಸುಮ್ಮನಿರಿ. ಮೌನ ಆದಾಗ ನಮಗೇ ತಡೆಯಲಾಗದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಒಮ್ಮೆ ಒಬ್ಬ ಹುಡುಗ ನಾನು ಹದಿನೇಳು ಎಣಿಸುವ ಹೊತ್ತಿಗೆ "ಅಪ್ಪ ಕುಡೀತಾರ್ರೀ" ಅಂದ. ಅದಕ್ಕೂ ಹಿಂದಿನ ಆರು ಭೇಟಿಗಳಲ್ಲಿ ನಾವು ಮಾತಾಡಿದ್ದು ಬರೀ ಕ್ರಿಕೆಟ್.

ಸಣ್ಣ ಸಂಗತಿಗಳನ್ನು ನೆನಪಿಡಿ. ಪೌಲ ತನ್ನ ಎಳೆಯ ಜೊತೆಗಾರ ತಿಮೊಥೆಗೆ ಬರೆದ ಪತ್ರಗಳಲ್ಲಿ ದೊಡ್ಡ ದೊಡ್ಡ ಉಪದೇಶ ಇದೆ, ಸರಿ. ನಡುವೆ ಅವನ ಹೊಟ್ಟೆನೋವಿನ ವಿಚಾರವೂ ಇದೆ. ಬರೀ ನೀರು ಕುಡಿಯಬೇಡ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅನ್ನುತ್ತಾನೆ. ತಿಮೊಥೆಯ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರೂ ಪೌಲನಿಗೆ ಗೊತ್ತು. ನಿಮ್ಮ ಯೂತ್ ಗ್ರೂಪಿನ ಎಷ್ಟು ಹುಡುಗರ ಅಜ್ಜಿಯ ಹೆಸರು ನಿಮಗೆ ಗೊತ್ತು?

ಹೆಜ್ಜೆ 4: ಒಂದು ಸಣ್ಣ ಪುಸ್ತಕ ಜೊತೆಯಾಗಿ ಓದಿ

ಮೂರು ತಿಂಗಳಾದ ಮೇಲೆ ಸತ್ಯವೇದ (ಬೈಬಲ್) ತೆರೆಯಿರಿ. ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಮಾರ್ಕನ ಸುವಾರ್ತೆ ಒಳ್ಳೆಯದು. 16 ಅಧ್ಯಾಯ, ಎರಡು ವಾರಕ್ಕೆ ಒಂದು ಓದಿದರೆ ಏಳೆಂಟು ತಿಂಗಳು. ಪ್ರತಿ ಸಲ ಮೂರೇ ಪ್ರಶ್ನೆ: ಇಲ್ಲಿ ನಿನಗೆ ಇಷ್ಟವಾದದ್ದು ಏನು, ಅರ್ಥ ಆಗದ್ದು ಏನು, ಒಪ್ಪಲಾಗದ್ದು ಏನು. ಮೂರನೆಯದನ್ನು ಕೇಳಲು ನಮಗೆ ಧೈರ್ಯ ಬೇಕು.

ಭಾಷೆಯ ತೊಡಕು ಬಂದೇ ಬರುತ್ತದೆ. ನಾವು ಬೆಳೆದ ಹಳೆಯ ಅನುವಾದದ ಕನ್ನಡ ನನಗೆ ಪ್ರಾಣ. ಆದರೆ ಇಂಗ್ಲಿಷ್ ಮೀಡಿಯಮ್ ಮಕ್ಕಳಿಗೆ ಅದು ಶಾಸನದ ಹಾಗೆ ಕಾಣುತ್ತದೆ. ಲೇವಿ ಸುಂಕದ ಕಟ್ಟೆಯಲ್ಲಿ ಕೂತಿದ್ದ ಅಂತ ಓದಿದಾಗ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ತಲೆ ಎತ್ತಿ, "ಸುಂಕದಕಟ್ಟೆನಾ? ನಮ್ಮ ರೂಮ್ ಅಲ್ಲೇ ಐತ್ರಿ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಟೋಲ್ ಗೇಟು, ಲಂಚ, ಊರವರು ಛೀ ಅನ್ನುವ ಕೆಲಸ ಮಾಡುವವನ ಮನೆಯಲ್ಲಿ ಊಟಕ್ಕೆ ಕೂರುವುದು ಅಂದರೇನು ಅಂತ ಒಂದು ಗಂಟೆ ಮಾತು ನಡೆಯಿತು. "ನಿಮಗೆ ಸಮಾಧಾನವಾಗಲಿ" ಅನ್ನುವುದನ್ನು ಒಬ್ಬಳು "ಸಿಟ್ಟು ಮಾಡ್ಕೋಬೇಡಿ" ಅಂತ ತಿಳಿದುಕೊಂಡಿದ್ದಳು. ಫೋನಿನಲ್ಲಿ ಸರಳ ಕನ್ನಡದ ಅನುವಾದ ಇಟ್ಟುಕೊಂಡು ಓದಲಿ, ಇಂಗ್ಲಿಷಿನಲ್ಲಿ ಓದಲಿ, ಮಾತು ಮಾತ್ರ ಮನೆಯಲ್ಲಿ ಆಡುವ ಭಾಷೆಯಲ್ಲಿ ಆಗಲಿ.

ಓದಿದ್ದು ಬದುಕಿಗೆ ತಾಗಬೇಕಾದರೆ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡಿನ್ ಕಾರ್ಖಾನೆಯ ಹುಡುಗ-ಹುಡುಗಿಯರ ನಡುವೆ ಬಳಕೆಗೆ ತಂದ ಕ್ರಮ ನನಗೆ ಕೈಗೆ ಹತ್ತಿದೆ. ನೋಡು, ತೂಗು, ಮಾಡು. ಕಥೋಲಿಕ ಶಾಲೆಗಳ ವೈ.ಸಿ.ಎಸ್. ಅನ್ನುವ ವಿದ್ಯಾರ್ಥಿ ಗುಂಪುಗಳಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ನಾವು ಪ್ರೊಟೆಸ್ಟೆಂಟರು ತಗೊಂಡರೆ ತಪ್ಪೇನಿಲ್ಲ. ಒಬ್ಬ ಹುಡುಗ ತನ್ನ ಅಂಗಡಿಯಲ್ಲಿ ಮಾಲೀಕ ತೂಕದಲ್ಲಿ ಮೋಸ ಮಾಡುವುದನ್ನು ಹೇಳಿದ. ಮೊದಲು ನೋಡಿದೆವು: ಏನು ನಡೆಯುತ್ತಿದೆ, ಯಾರಿಗೆ ನಷ್ಟ, ಇವನ ಕೈಯಲ್ಲಿ ಏನಿದೆ. ಆಮೇಲೆ ಸತ್ಯವೇದದ ಮಾತಿಟ್ಟು ತೂಗಿದೆವು. ಕೊನೆಗೆ ಅವನೇ ತೀರ್ಮಾನಿಸಿದ: ತಕ್ಕಡಿಯ ಕೆಲಸ ಬಿಟ್ಟು ಗೋದಾಮಿನ ಕೆಲಸ ಕೇಳುತ್ತೇನೆ ಅಂತ. ನಾನಾಗಿದ್ದರೆ ಕೆಲಸವನ್ನೇ ಬಿಡು ಅನ್ನುತ್ತಿದ್ದೆ. ಮನೆ ಬಾಡಿಗೆ ಕಟ್ಟುವವನು ಅವನು, ನಾನಲ್ಲ.

ಹೆಜ್ಜೆ 5: ಕೆಲಸದ ಜೊತೆ ಅಧಿಕಾರವನ್ನೂ ಕೊಡಿ

ಈಗ ನನ್ನ ದೊಡ್ಡ ತಪ್ಪಿನ ಕಥೆ.

ಒಂದು ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಾಡು ಹಾಡಿ ಕಾಣಿಕೆ ಎತ್ತುವ ಕ್ಯಾರಲ್ ರೌಂಡ್ಸಿನ ಲೆಕ್ಕ ಹತ್ತೊಂಬತ್ತು ವರ್ಷದ ಹುಡುಗನಿಗೆ ವಹಿಸಿದೆ. ಪಿ.ಯು.ಸಿ. ಫೇಲಾಗಿ ಮನೆಯಲ್ಲಿದ್ದ. ಕಮಿಟಿಯ ಇಬ್ಬರು ಹಿರಿಯರು ಬೇಡ ಅಂದರು, ನಾನು ಹಟ ಹಿಡಿದೆ. ಎರಡು ರಾತ್ರಿ ಮನೆ ಮನೆ ತಿರುಗಿದೆವು. ಹಾಡು, ಪ್ರಾರ್ಥನೆ, ಕೇಕು, ಚಕ್ಕುಲಿ, ಮತ್ತೆ ಮುಂದಿನ ಮನೆ. ಮೂರನೆಯ ದಿನ ಲೆಕ್ಕಕ್ಕೆ ಕೂತರೆ ರಸೀದಿ ಪುಸ್ತಕದಲ್ಲಿ 23,460 ರೂಪಾಯಿ, ಡಬ್ಬಿಯಲ್ಲಿ 21,958. ಕಡಿಮೆ ಬಿದ್ದದ್ದು 1,502.

"ಎಲ್ಲಿ ಹೋದ್ವು?" ಅಂದೆ.

"ನಂಗ ಗೊತ್ತಿಲ್ರೀ ಅಂಕಲ್."

"ಗೊತ್ತಿಲ್ಲ ಅಂದ್ರ? ಡಬ್ಬಿ ನಿನ್ ಕಡೆನ ಇತ್ತಲ್ಲ?"

ಸುತ್ತ ಹತ್ತು ಜನ ಇದ್ದರು. ಒಬ್ಬ ಹಿರಿಯರು "ನಾ ಮೊದ್ಲ ಹೇಳಿದ್ದೆ" ಅಂದರು. ನನ್ನ ಮರ್ಯಾದೆಯ ಪ್ರಶ್ನೆ ಆಯಿತು. ಅವನ ಕೈಯಿಂದ ರಸೀದಿ ಪುಸ್ತಕ ಕಿತ್ತುಕೊಂಡೆ. ಅವನು ಪೆನ್ನನ್ನೂ ಮೇಜಿನ ಮೇಲಿಟ್ಟು ಹೊರಗೆ ಹೋದ. ಪೆನ್ನಿನ ಕ್ಯಾಪ್ ಹಾಕಿ ಇಟ್ಟಿದ್ದ. ಅದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ನಾಲ್ಕು ದಿನಕ್ಕೆ ಗಿಟಾರ್ ನುಡಿಸುವ ಹುಡುಗ ಬಂದು ತಲೆ ಕೆರೆದುಕೊಂಡ. ಎರಡು ಮನೆಯವರು ಚಿಲ್ಲರೆ ಇಲ್ಲ ಅಂತ ಅವನ ನಂಬರಿಗೆ ಫೋನ್‌ಪೇ ಮಾಡಿದ್ದರು. 1,001 ಮತ್ತು 501. ರಸೀದಿ ಬರೆದದ್ದಾಗಿತ್ತು, ದುಡ್ಡು ಡಬ್ಬಿಗೆ ಹಾಕುವುದು ಮರೆತಿದ್ದ.

ರಸೀದಿ ಪುಸ್ತಕದ ಹುಡುಗ ಮೂರು ಭಾನುವಾರ ಚರ್ಚಿಗೆ ಬರಲಿಲ್ಲ. ಆ ವರ್ಷದ ಕ್ರಿಸ್ಮಸ್ಸಿಗೂ ಬರಲಿಲ್ಲ. ನಾನು ಅವನ ಮನೆಗೆ ಹೋದೆ. ಅವನ ತಾಯಿಯ ಮುಂದೆ ಕ್ಷಮೆ ಕೇಳಿದೆ. ಅವರು "ಇರ್ಲಿ ಬಿಡ್ರಿ ಅಣ್ಣಾರ" ಅಂದರು, ಅವನು ಏನೂ ಅನ್ನಲಿಲ್ಲ. ಬೈದದ್ದು ಹತ್ತು ಜನರ ಮುಂದೆ, ಕ್ಷಮೆ ಮಾತ್ರ ನಾಲ್ಕು ಗೋಡೆ ನಡುವೆ ಹೇಗಾದೀತು? ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಅದೇ ಜನರನ್ನು ನಿಲ್ಲಿಸಿ, ತಪ್ಪು ನನ್ನದು ಅಂದೆ. ಅವನಿಲ್ಲದ ಕಡೆ ಹೇಳಿದೆ, ಆದರೂ ಸುದ್ದಿ ಅವನಿಗೆ ಮುಟ್ಟಿತು.

ಆಮೇಲೆ ನಾನು ಪೌಲನ ಜೊತೆ ಸುವಾರ್ತೆ ಸಾರುತ್ತಾ ತಿರುಗಿದ ಬಾರ್ನಬನ ಕಥೆಯನ್ನು ಹೊಸದಾಗಿ ಓದಿಕೊಂಡೆ. ಮಾರ್ಕ ಅನ್ನಿಸಿಕೊಂಡ ಯೋಹಾನ ಮೊದಲ ಪ್ರಯಾಣದ ಅರ್ಧದಲ್ಲೇ ಕೈಬಿಟ್ಟು ಮನೆಗೆ ಹೋದವನು. ಎರಡನೇ ಸಲ ಅವನನ್ನು ಕರೆದುಕೊಂಡು ಹೋಗುವುದು ಬೇಡ ಅಂದ ಪೌಲ. ಬೇಕು ಅಂದ ಬಾರ್ನಬ. ಜಗಳ ಎಷ್ಟು ಬೆಳೆಯಿತೆಂದರೆ ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿದ. ವರ್ಷಗಳ ಮೇಲೆ ಅದೇ ಪೌಲ ಸೆರೆಮನೆಯಿಂದ ತಿಮೊಥೆಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ. ನಡುವಿನ ವರ್ಷಗಳಲ್ಲಿ ಬಾರ್ನಬ ಆ ಹುಡುಗನಿಗೆ ಏನು ಹೇಳಿದ, ಹೇಗೆ ನಡೆಸಿದ ಅನ್ನುವುದು ಎಲ್ಲೂ ಬರೆದಿಲ್ಲ. ನಾವು ಮಾಡಬೇಕಾದ ಕೆಲಸ ಪೂರ್ತಿ ಆ ಬರೆಯದ ಭಾಗದಲ್ಲಿದೆ ಅನ್ನಿಸುತ್ತದೆ ನನಗೆ.

ಹಣದ ಜವಾಬ್ದಾರಿ ಕೊಡುವಾಗ ನಾನು ಈಗ ಮಾಡುವುದು ಹೀಗೆ. ಇಬ್ಬರಿಗೆ ಒಟ್ಟಿಗೆ ಕೊಡುತ್ತೇನೆ, ಒಬ್ಬನ ತಲೆ ಮೇಲೆ ಬೀಳಬಾರದು. ಫೋನ್ ಮೂಲಕ ಬರುವ ದುಡ್ಡಿಗೆ ಚರ್ಚಿನದೇ ಒಂದು ಕ್ಯೂಆರ್ ಕಾರ್ಡು, ಬೇರೆ ಯಾರ ನಂಬರೂ ಇಲ್ಲ. ರಸೀದಿಯಲ್ಲಿ ನಗದೋ ಫೋನೋ ಅಂತ ಗುರುತು. ರಾತ್ರಿ ಎಷ್ಟೇ ಹೊತ್ತಾಗಲಿ, ಕೊನೆಯ ಮನೆಯ ಜಗುಲಿಯ ಲೈಟಿನ ಕೆಳಗೇ ಎಣಿಸಿ, ಇಬ್ಬರೂ ಸಹಿ ಹಾಕಿ ಮನೆಗೆ ಹೋಗುವುದು. ತಪ್ಪು ಬಂದರೆ ಅಲ್ಲೇ ಸಿಗುತ್ತದೆ.

ಹಣ ಅಲ್ಲದ ಜವಾಬ್ದಾರಿಗೂ ಇದೇ ರೀತಿ. "ಯೂತ್ ಸಂಡೇ ನೀವೇ ನಡೆಸಿ" ಅಂದು, ಹಾಡು ನಾವೇ ಆರಿಸಿ, ಪ್ರಸಂಗಕ್ಕೆ ನಾವೇ ಜನ ಕರೆದರೆ ಅದು ಕೊಟ್ಟ ಹಾಗಲ್ಲ. ಪೂರ್ತಿ ಕೊಡಿ. ಹಾಡು ಗದ್ದಲ ಆಗಲಿ, ಹತ್ತು ನಿಮಿಷ ತಡ ಆಗಲಿ. ಹಿರಿಯರು ಮುಖ ಗಂಟಿಕ್ಕಿದರೆ ಅದನ್ನು ತಡೆದುಕೊಳ್ಳುವ ಕೆಲಸ ನಿಮ್ಮದು. ಮುಗಿದ ಮೇಲೆ ಮಾರನೆಯ ದಿನ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ: ಯಾವುದು ಚೆನ್ನಾಗಿ ಆಯಿತು, ಮುಂದಿನ ಸಲ ಏನು ಬದಲಾಯಿಸುತ್ತೀರಿ. ಅದೇ ದಿನ, ಬಾಗಿಲಲ್ಲಿ ನಿಲ್ಲಿಸಿ ಬೇಡ.

ಹೆಜ್ಜೆ 6: ಕಷ್ಟದ ಮಾತು ಬಂದಾಗ

"ಅಂಕಲ್, ಒಂದು ಹೇಳ್ಬೇಕಿತ್ತು" ಅಂದರೆ ಹತ್ತಕ್ಕೆ ಆರು ಸಲ ಅದು ಪ್ರೀತಿ. ಆ ಹುಡುಗಿ ಬೇರೆ ಧರ್ಮ, ಬೇರೆ ಜಾತಿ, ಕೆಲವು ಸಲ ಬರೀ ಬೇರೆ ಚರ್ಚು, ಅದಕ್ಕೂ ಮನೆಯಲ್ಲಿ ರಂಪ. ಅದೇ ಸಂಜೆ ಅವನ ತಂದೆಗೆ ಫೋನ್ ಮಾಡಬೇಡಿ. ಇಬ್ಬರೂ ವಯಸ್ಸಿಗೆ ಬಂದವರಾ, ದುಡಿಮೆ ಏನು, ಆ ಹುಡುಗಿಯ ಇಷ್ಟ ಏನು ಅಂತ ಕೇಳಿ. ಚರ್ಚಿನೊಳಗೂ ಜಾತಿ ಕೇಳಿ ಸಂಬಂಧ ಮಾಡುವವರು ಇದ್ದಾರೆ. ಹುಡುಗರು ಅದನ್ನು ಕಂಡಿರುತ್ತಾರೆ. "ನಮ್ಮಲ್ಲಿ ಹಾಗೇನೂ ಇಲ್ಲ" ಅಂತ ಸಾಧಿಸಲು ಹೋದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

"ಇಷ್ಟು ಪ್ರಾರ್ಥನೆ ಮಾಡಿದ್ರೂ ಅಮ್ಮ ಉಳೀಲಿಲ್ಲ" ಅನ್ನುವವರಿಗೆ ಉತ್ತರ ಹುಡುಕಬೇಡಿ. ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅಲ್ಲಿಯ ತನಕ ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟದ್ದು.

ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಗೂ ಬೆರೆಯುತ್ತಿಲ್ಲ, "ಇದ್ದು ಏನು ಮಾಡೋದು" ಅನ್ನುವ ಮಾತು ಬಂದರೆ ಪ್ರಾರ್ಥನೆ ಮಾಡಿ, ಜೊತೆಗೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿಯೇ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಂಥ ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ. "ನಂಬಿಕೆ ಸಾಲದು, ಅದಕ್ಕೇ ಹೀಗೆ" ಅನ್ನುವ ಮಾತನ್ನು ಯಾರೂ ಅವನ ಹತ್ತಿರ ತರದ ಹಾಗೆ ನೋಡಿಕೊಳ್ಳಿ.

ಯಾವ ಕೋರ್ಸ್ ಓದಬೇಕು, ಯಾರನ್ನು ಮದುವೆ ಆಗಬೇಕು ಅನ್ನುವುದರಲ್ಲಿ "ದೇವರು ನನಗೆ ತೋರಿಸಿದ್ದಾರೆ" ಅಂತ ಹೇಳಲೇಬೇಡಿ. ಪುಟ್ಟ ಸಮುವೇಲನನ್ನು ರಾತ್ರಿ ಯಾರೋ ಕರೆದಾಗ ಅವನು ಮೂರು ಸಲ ಏಲಿಯ ಹತ್ತಿರ ಓಡಿ ಬಂದ. ಮುದುಕ ಏಲಿ ತಾನೇ ದೇವರ ಮಾತು ಹೇಳಲು ಕೂರಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಹೇಳು ಅಂತ ಹೇಳಿಕೊಟ್ಟು ಕಳಿಸಿದ.

ಹೆಜ್ಜೆ 7: ಊರು ಬಿಟ್ಟು ಹೋಗುವವರು

ನಮ್ಮ ಕಡೆಯ ಹುಡುಗರು ಡಿಗ್ರಿ ಆದ ಮೇಲೆ ಬೆಂಗಳೂರು, ಪುಣೆ, ಗಲ್ಫು ಅಂತ ಹೋಗಿಬಿಡುತ್ತಾರೆ. ಕಳಿಸುವಾಗ ಸಭಾಪಾಲಕರಿಂದ ಒಂದು ಪರಿಚಯ ಪತ್ರ ಕೊಡಿಸಿ. ಅಲ್ಲಿ ಕನ್ನಡ ಆರಾಧನೆ ಎಲ್ಲಿದೆ ಅಂತ ಹುಡುಕಿ, ಅಲ್ಲಿಯ ಒಬ್ಬರಿಗೆ ನೀವೇ ಫೋನ್ ಮಾಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕರೆ ಮಾಡಿ. "ಚರ್ಚಿಗೆ ಹೋದ್ಯಾ?" ಅಂತ ಶುರು ಮಾಡಿದರೆ ಎರಡನೇ ಕರೆ ಎತ್ತುವುದಿಲ್ಲ. "ಊಟಕ್ಕೇನ್ ಮಾಡ್ತೀ?" ಅಂತ ಕೇಳಿ.

ಅವರಿಂದ ಏನಾದರೂ ಕೇಳಿಯೂ ಕೇಳಿ. ಪೌಲ ತಿಮೊಥೆಗೆ, ಬರುವಾಗ ತ್ರೋವದಲ್ಲಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚಳಿಗಾಲಕ್ಕೆ ಮೊದಲೇ ಬಾ ಅಂತ ಬರೆಯುತ್ತಾನೆ. ನಾನು ಮೈಕ್ ವೈರಿನ ಹುಡುಗನಿಗೆ ತುಂಬ ತಡವಾಗಿ ಫೋನ್ ಮಾಡಿದೆ. ಏನು ಮಾತಾಡಬೇಕೋ ತಿಳಿಯದೆ, ಮೈಕ್ ಯಾಕೆ ಕೂಗುತ್ತೆ ಅಂತ ಕೇಳಿದೆ. ಸ್ಪೀಕರ್ ಮೈಕಿನ ಹಿಂದಿದೆ, ಮುಂದಕ್ಕೆ ತನ್ನಿ ಅಂದ. ಅದಾದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದ.

ಹೆಜ್ಜೆ 8: ಕುರ್ಚಿ ಬಿಡುವ ದಿನ

ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಅಂದರೆ ನಮಗೆ ನೆನಪಾಗುವುದು ಕನ್ನಡದ ಮೊದಲ ಪತ್ರಿಕೆ, 1843ರ ಮಂಗಳೂರು ಸಮಾಚಾರ. ಅವರ ಶಿಷ್ಯ ಆನಂದರಾವ್ ಕೌಂಡಿನ್ಯರ ಹೆಸರು ಅಷ್ಟಾಗಿ ಕೇಳುವುದಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದು, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಂಗಳೂರಿಗೆ ವಾಪಸ್ ಬಂದವರು. ಬಂದದ್ದು ಗುರುವಿನ ಸಹಾಯಕನಾಗಿ ಅಲ್ಲ, ಗುರುವಿನ ಹಾಗೆಯೇ ಮಿಷನರಿಯಾಗಿ. ಮೋಗ್ಲಿಂಗ್ 1847ರಲ್ಲಿ ಶುರು ಮಾಡಿದ ಸೆಮಿನರಿಯಲ್ಲಿ ಮೇಷ್ಟ್ರಾಗಿ ಕೂತರು. ಆ ಕಾಲದಲ್ಲೇ ಅದು ಆಗಿದ್ದರೆ, ನಮ್ಮ ಪಾಸ್ಟರೇಟ್ ಕಮಿಟಿಯಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿಗೆ ಜಾಗ ಮಾಡಿಕೊಡುವುದು ಯಾಕೆ ಇಷ್ಟು ಕಷ್ಟ?

ಶುರುವಿನಲ್ಲೇ ತಾರೀಖು ಗೊತ್ತು ಮಾಡಿಕೊಳ್ಳಿ. ಮೂರು ವರ್ಷ ಸಾಕು. ಮೂರನೆಯ ವರ್ಷ ಅವರೇ ಒಬ್ಬ ಚಿಕ್ಕವನನ್ನು ಜೊತೆಗೆ ಹಾಕಿಕೊಳ್ಳಲಿ, ಗಿರ್ಮಿಟ್ ಅಂಗಡಿಗೆ ಅವರೇ ಕರೆದುಕೊಂಡು ಹೋಗಲಿ. ಕೊಟ್ಟ ಜವಾಬ್ದಾರಿಯ ಮೇಲೆ ಕಿಟಕಿಯಿಂದ ಕಣ್ಣಿಡಬೇಡಿ. ಬೀಗದ ಕೈ ಕೊಟ್ಟ ಮೇಲೆ ಮನೆಯಲ್ಲಿ ಇನ್ನೊಂದು ಕೈ ಇಟ್ಟುಕೊಳ್ಳುವ ಚಾಳಿ ನಮ್ಮಲ್ಲಿ ಇದೆ. ಅದನ್ನೂ ಕೊಟ್ಟುಬಿಡಿ.

ರಸೀದಿ ಪುಸ್ತಕದ ಹುಡುಗ ನಾಲ್ಕನೆಯ ಭಾನುವಾರ ಬಂದಿದ್ದ. ಮಾತಾಡಲಿಲ್ಲ, ಹಿಂದೆ ಕೂತು ಎದ್ದು ಹೋದ. ಮೊದಲಿನ ಹಾಗೆ ಆಗಲು ಒಂದು ವರ್ಷ ಹಿಡಿಯಿತು. ಪರೀಕ್ಷೆ ಮತ್ತೆ ಕಟ್ಟಿ ಪಾಸಾದ. ಈಗ ಯೂತ್ ಕಾರ್ಯದರ್ಶಿ. ಹೋದ ಡಿಸೆಂಬರಿನಲ್ಲಿ ಫೋನ್ ಮಾಡಿ, "ಅಂಕಲ್, ಈ ಸಲ ನೀವು ಬರೇ ಗಾಡಿ ಹೊಡೀರಿ. ಉಳಿದದ್ದು ನಾವು ನೋಡ್ಕೊಂತೀವಿ" ಅಂದ. ಎರಡು ರಾತ್ರಿ ಟೆಂಪೊ ಓಡಿಸಿದೆ. ಹಿಂದೆ ಹಾಡು, ಗದ್ದಲ, ನಗು. ಕೊನೆಯ ಮನೆಯ ಜಗುಲಿಯಲ್ಲಿ ಎಣಿಕೆ ಮುಗಿದ ಮೇಲೆ ಅವನು ಕಿಟಕಿಯ ಹತ್ತಿರ ಬಂದ. ಡೀಸೆಲ್‌ಗೆ ಎಷ್ಟಾಯಿತು ಅಂತ ಕೇಳಿದ. ಹೇಳಿದೆ.

"ಬಿಲ್ ಕೊಡ್ರಿ" ಅಂದ.

ಬಿಲ್ ತಗೊಂಡಿರಲಿಲ್ಲ. ಮಾರನೆಯ ದಿನ ಪೆಟ್ರೋಲ್ ಬಂಕಿಗೆ ಹೋಗಿ ಬರೆಸಿಕೊಂಡು ಬಂದು ಕೊಟ್ಟೆ.